ಎಲ್‌ಎನ್‌ಜಿ ಸ್ಥಾವರಗಳಿಗೆ ಗ್ಯಾಸ್ಕೆಟ್: ಮೈನಸ್ 162 ಡಿಗ್ರಿಯಲ್ಲಿ ಆಯ್ಕೆಯ ಲೆಕ್ಕಾಚಾರ

ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದಾಗ ಅದನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟು ಬಿಗಿ ಮಾಡಿಕೊಳ್ಳುವ ಉಪಾಯ ನಮ್ಮ ಗೃಹಿಣಿಯರಿಗೆ ಹೊಸದೇನಲ್ಲ. ತಂಪಿಗೆ ರಬ್ಬರು ಕುಗ್ಗುತ್ತದೆ, ಗಡುಸಾಗುತ್ತದೆ. ಆದರೆ ಉಷ್ಣಾಂಶ ಇನ್ನೂ ನೂರೈವತ್ತು ಡಿಗ್ರಿ ಕೆಳಗಿಳಿದರೆ ಅದೇ ಉಪಾಯ ಅಪಾಯವಾಗಿ ಪರಿಣಮಿಸುತ್ತದೆ. ದ್ರವೀಕೃತ ನೈಸರ್ಗಿಕ ಅನಿಲ, ಅಂದರೆ ಎಲ್‌ಎನ್‌ಜಿಯನ್ನು ನಿರ್ವಹಿಸುವ ಸ್ಥಾವರಗಳ ಎಂಜಿನಿಯರುಗಳು ದಿನನಿತ್ಯ ಎದುರಿಸುವ ಸಮಸ್ಯೆ ಇದೇ.

ನೈಸರ್ಗಿಕ ಅನಿಲವನ್ನು ವಾತಾವರಣದ ಒತ್ತಡದಲ್ಲಿ ಸುಮಾರು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಅದು ದ್ರವವಾಗುತ್ತದೆ. ಗಾತ್ರ ಸರಿಸುಮಾರು ಆರುನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಡಗಿನಲ್ಲಿ ಸಾಗಿಸಲು ಇದರಿಂದ ಅನುಕೂಲ. ಭಾರತಕ್ಕೆ ಇದು ಮೊದಲು ಬಂದದ್ದು 2004ರಲ್ಲಿ, ಗುಜರಾತಿನ ದಹೇಜ್ ಟರ್ಮಿನಲ್ಲಿಗೆ. ಬಳಿಕ ಹಜೀರಾ, ದಾಭೋಳ, ಕೊಚ್ಚಿ, ಎನ್ನೋರ್ ಮೊದಲಾದ ಕಡೆ ಟರ್ಮಿನಲ್‌ಗಳು ತಲೆಯೆತ್ತಿದವು. ಕರ್ನಾಟಕದ ಕಡಲತೀರದಲ್ಲಿ ಇಂತಹ ಬೃಹತ್ ಟರ್ಮಿನಲ್ ಇಲ್ಲದಿದ್ದರೂ ನಂಟು ಇದ್ದೇ ಇದೆ. 2013ರಲ್ಲಿ ಕಾರ್ಯಾರಂಭ ಮಾಡಿದ ದಾಭೋಳ-ಬೆಂಗಳೂರು ಕೊಳವೆಮಾರ್ಗ ಮತ್ತು 2021ರ ಜನವರಿಯಲ್ಲಿ ಉದ್ಘಾಟನೆಗೊಂಡ ಕೊಚ್ಚಿ-ಮಂಗಳೂರು ಕೊಳವೆಮಾರ್ಗ ಎರಡರ ಆರಂಭದ ತುದಿಯಲ್ಲೂ ಇರುವುದು ಎಲ್‌ಎನ್‌ಜಿ ಟರ್ಮಿನಲ್ಲೇ.

ಈ ಸ್ಥಾವರಗಳಲ್ಲಿ ಕೊಳವೆಯಿಂದ ಕೊಳವೆಗೆ, ಕವಾಟಕ್ಕೆ, ಪಂಪಿಗೆ ಜೋಡಣೆಯಾಗುವಲ್ಲಿ ಫ್ಲ್ಯಾಂಜ್ ಎಂಬ ಎರಡು ಲೋಹದ ಬಿಲ್ಲೆಗಳು ಎದುರುಬದುರಾಗಿರುತ್ತವೆ. ಸುತ್ತಲೂ ಬೋಲ್ಟುಗಳು; ನಡುವೆ ಗ್ಯಾಸ್ಕೆಟ್. ಎಷ್ಟೇ ನಯವಾಗಿ ಕಂಡರೂ ಲೋಹದ ಮೈಯಲ್ಲಿ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಅವನ್ನು ತುಂಬುವುದು ಗ್ಯಾಸ್ಕೆಟ್ಟಿನ ಮೊದಲ ಕೆಲಸ. ಬೋಲ್ಟಿನ ಒತ್ತಡ ಏರಿಳಿದಾಗ ತಾನೂ ಹಿಗ್ಗಿ ಕುಗ್ಗಿ ಸಂಧಿಯನ್ನು ಮುಚ್ಚಿಟ್ಟುಕೊಳ್ಳುವುದು ಎರಡನೆಯದು. ಚಳಿ ಹಾಳುಗೆಡವುವುದು ಈ ಎರಡನೆಯ ಗುಣವನ್ನೇ.

ಸಾಧಾರಣ ನೈಟ್ರೈಲ್ ರಬ್ಬರು ಮೈನಸ್ 30-40 ಡಿಗ್ರಿಯ ಆಸುಪಾಸಿನಲ್ಲೇ ತನ್ನ ಸ್ಥಿತಿಸ್ಥಾಪಕ ಗುಣ ಕಳೆದುಕೊಂಡು ಗಾಜಿನಂತಾಗುತ್ತದೆ. ಅಷ್ಟು ದೂರ ಹೋಗುವುದೂ ಬೇಡ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಏಳು ಮಂದಿಯೊಡನೆ ನಾಶವಾದದ್ದು ರಾಕೆಟ್ಟಿನ ಸಂಧಿಯಲ್ಲಿದ್ದ ರಬ್ಬರ್ ಉಂಗುರ ನೀರು ಹೆಪ್ಪುಗಟ್ಟುವ ಮಟ್ಟದ ಚಳಿಗೆ ಪುಟಿಯುವ ಶಕ್ತಿ ಕಳೆದುಕೊಂಡದ್ದರಿಂದ. ಎಲ್‌ಎನ್‌ಜಿ ಕೊಳವೆಗೆ ರಬ್ಬರು, ರಬ್ಬರು ಬೆರೆಸಿದ ನಾರಿನ ಹಾಳೆ ಇವುಗಳ ಮಾತೇ ಇಲ್ಲ.

ಲೋಹಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1944ರ ಅಕ್ಟೋಬರ್ 20ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಎಲ್‌ಎನ್‌ಜಿ ಸಂಗ್ರಹ ಟ್ಯಾಂಕ್ ಒಡೆದು ದ್ರವ ಬೀದಿಗೆ, ಚರಂಡಿಗೆ ಹರಿದು ಹೊತ್ತಿಕೊಂಡಾಗ ಸುಮಾರು 130 ಮಂದಿ ಸತ್ತರು. ಆ ಟ್ಯಾಂಕಿನ ಉಕ್ಕಿನಲ್ಲಿದ್ದ ನಿಕಲ್ ಅಂಶ ಕೇವಲ ಶೇ. 3.5. ಇಂದು ಟ್ಯಾಂಕುಗಳಿಗೆ ಶೇ. 9 ನಿಕಲ್ ಇರುವ ಉಕ್ಕನ್ನೂ ಕೊಳವೆಗಳಿಗೆ ಆಸ್ಟೆನಿಟಿಕ್ ಬಗೆಯ ಸ್ಟೇನ್‌ಲೆಸ್ ಸ್ಟೀಲನ್ನೂ ಬಳಸುವುದು ರೂಢಿ.

ಗ್ರ್ಯಾಫೈಟೋ, ಟೆಫ್ಲಾನೋ?

ಕಣದಲ್ಲಿ ಉಳಿಯುವ ಮೃದು ಸಾಮಗ್ರಿಗಳು ಮುಖ್ಯವಾಗಿ ಎರಡು: ಹಿಗ್ಗಿಸಿದ ಮೆದು ಗ್ರ್ಯಾಫೈಟ್ ಮತ್ತು ಟೆಫ್ಲಾನ್ ಎಂಬ ಹೆಸರಿನಿಂದ ಮನೆಮಾತಾದ ಪಿಟಿಎಫ್‌ಇ. ಎರಡೂ ಮೈನಸ್ 200 ಡಿಗ್ರಿಯವರೆಗೆ ಬಳಕೆಗೆ ಒದಗುತ್ತವೆ ಎಂದು ತಯಾರಕರ ಕೈಪಿಡಿಗಳು ಹೇಳುತ್ತವೆ. ಆದರೆ ಕೈಪಿಡಿಯ ಉಷ್ಣಾಂಶದ ಕಾಲಮ್ಮನ್ನಷ್ಟೇ ನೋಡಿ ಖರೀದಿಗೆ ಸಹಿ ಹಾಕುವವರು ಅರ್ಧ ವಿಷಯವನ್ನು ಮಾತ್ರ ಓದಿದಂತೆ. ಟೆಫ್ಲಾನಿಗೆ ಎರಡು ದೋಷಗಳಿವೆ. ಸತತ ಒತ್ತಡದಲ್ಲಿ ಅದು ಮೆಲ್ಲನೆ ಹರಿದು ತೆಳುವಾಗುತ್ತದೆ. ಜೊತೆಗೆ ತಣಿದಾಗ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಕುಗ್ಗುತ್ತದೆ. ಬೋಲ್ಟಿನ ಬಿಗಿ ಈ ಎರಡೂ ದಾರಿಯಲ್ಲಿ ಸೋರಿಹೋಗುತ್ತದೆ. ಪೂರಕ ಪದಾರ್ಥ ಬೆರೆಸಿದ ಅಥವಾ ಹಿಗ್ಗಿಸಿದ ಟೆಫ್ಲಾನಿನಲ್ಲಿ ದೋಷ ಕಡಿಮೆಯಾದರೂ ಬೆಂಕಿಯ ಪ್ರಶ್ನೆ ಉಳಿದೇ ಉಳಿಯುತ್ತದೆ. ಪಕ್ಕದಲ್ಲೆಲ್ಲೋ ಬೆಂಕಿ ಬಿದ್ದರೆ ಟೆಫ್ಲಾನ್ ವಿಘಟನೆಯಾಗಿ ಸಂಧಿ ಬಾಯ್ದೆರೆಯುತ್ತದೆ, ಬೆಂಕಿಗೆ ಇನ್ನಷ್ಟು ಅನಿಲ ಒದಗುತ್ತದೆ. ಗ್ರ್ಯಾಫೈಟ್ ಇಂತಹ ಹೊತ್ತಿನಲ್ಲಿ ಬಹುಕಾಲ ತಾಳುತ್ತದೆ. ಸುಡುವ ದ್ರವವನ್ನು ಸಾಗಿಸುವ ಮುಖ್ಯ ಕೊಳವೆಗಳಲ್ಲಿ ಗ್ರ್ಯಾಫೈಟ್ ಮೇಲುಗೈ ಪಡೆದಿರುವುದು ಈ ಕಾರಣಕ್ಕೆ, ಮತ್ತು ಅದು ಸರಿಯಾದ ತೀರ್ಮಾನವೆಂದೇ ಹೇಳಬೇಕು.

ಗ್ರ್ಯಾಫೈಟನ್ನು ಬಿಡಿಹಾಳೆಯಾಗಿ ಬಳಸಿದರೆ ಅದು ಸುಲಭವಾಗಿ ಪುಡಿಯಾಗುತ್ತದೆ. ಆದ್ದರಿಂದ ಹೆಚ್ಚು ಚಾಲ್ತಿಯಲ್ಲಿರುವುದು ಸುರುಳಿ ಗ್ಯಾಸ್ಕೆಟ್: ಸ್ಟೇನ್‌ಲೆಸ್ ಸ್ಟೀಲಿನ ತೆಳುಪಟ್ಟಿ ಮತ್ತು ಗ್ರ್ಯಾಫೈಟ್ ಪಟ್ಟಿಗಳನ್ನು ಒಂದರ ಮೇಲೊಂದು ಬರುವಂತೆ ಸುತ್ತಿದ ಉಂಗುರ. ಲೋಹ ಸ್ಪ್ರಿಂಗಿನಂತೆ ಪುಟಿಯುತ್ತದೆ, ಗ್ರ್ಯಾಫೈಟ್ ಸಂದುಗಳನ್ನು ಮುಚ್ಚುತ್ತದೆ. ಸುಮಾರು 4.5 ಮಿಲಿಮೀಟರ್ ದಪ್ಪದ ಸುರುಳಿ ಬಿಗಿದಾಗ 3.3 ಮಿಲಿಮೀಟರಿನಷ್ಟಕ್ಕೆ ಇಳಿಯಬೇಕು. ಹೊರ ಉಂಗುರ ಅದನ್ನು ಫ್ಲ್ಯಾಂಜಿನ ನಡುಮಧ್ಯಕ್ಕೆ ತಂದು ನಿಲ್ಲಿಸುತ್ತದೆ. ಒಳ ಉಂಗುರ ಸುರುಳಿ ಕೊಳವೆಯೊಳಕ್ಕೆ ಮಡಚಿ ಬೀಳದಂತೆ ತಡೆಯುತ್ತದೆ. ಖರ್ಚು ಉಳಿಸಲು ಒಳ ಉಂಗುರವನ್ನು ಕೈಬಿಡುವುದಾಗಲಿ, ಹೊರ ಉಂಗುರಕ್ಕೆ ಸಾದಾ ಉಕ್ಕು ಬಳಸುವುದಾಗಲಿ ಇಲ್ಲಿ ಸಲ್ಲದು. ಸಾದಾ ಉಕ್ಕು ಚಳಿಗೆ ಬಿರುಸಾಗುತ್ತದೆ, ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ.

ಉಗ್ರಾಣದಲ್ಲಿ ಇವುಗಳನ್ನು ಗುರುತಿಸಲು ಅಮೆರಿಕದ ಎಎಸ್‌ಎಂಇ ಬಿ16.20 ಮಾನದಂಡ ಬಣ್ಣಗಳನ್ನು ನಿಗದಿಪಡಿಸಿದೆ. ಅಂಚು ಹಳದಿಯಾಗಿದ್ದರೆ ಸುರುಳಿಯ ಲೋಹ 304 ದರ್ಜೆಯ ಸ್ಟೀಲು, ಹಸಿರಾಗಿದ್ದರೆ 316ಎಲ್. ಅದರ ಮೇಲಿನ ಬೂದು ಪಟ್ಟೆ ಗ್ರ್ಯಾಫೈಟಿಗೆ, ಬಿಳಿ ಪಟ್ಟೆ ಟೆಫ್ಲಾನಿಗೆ. ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು ಗ್ಯಾಸ್ಕೆಟ್ ಹುಡುಕುವ ಫಿಟ್ಟರ್‌ಗೆ ಯಾವ ಪ್ರಮಾಣಪತ್ರಕ್ಕಿಂತಲೂ ಈ ಬಣ್ಣಗಳೇ ಹೆಚ್ಚು ಉಪಕಾರಿ.

ಬೋಲ್ಟನ್ನು ಮರೆತರೆ

ಗ್ಯಾಸ್ಕೆಟ್ ಆಯ್ಕೆಯ ಚರ್ಚೆಯಲ್ಲಿ ಸಾಮಾನ್ಯವಾಗಿ ಹಿಂದೆ ಬೀಳುವುದು ಬೋಲ್ಟು. ತೈಲ ಶುದ್ಧೀಕರಣಾಗಾರಗಳಲ್ಲಿ ಎಲ್ಲೆಡೆ ಕಾಣುವ ಬಿ7 ದರ್ಜೆಯ ಗಟ್ಟಿ ಬೋಲ್ಟುಗಳನ್ನು ಮೈನಸ್ 48 ಡಿಗ್ರಿಯಿಂದಾಚೆಗೆ ಬಳಸುವಂತಿಲ್ಲ. ಅಲ್ಲಿ ಬೇಕಾದದ್ದು ಬಿ8 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು. ಆದರೆ ಇದರ ಒಂದನೇ ವರ್ಗಕ್ಕೆ ಬಿ7ರ ಮೂರನೇ ಒಂದರಷ್ಟೂ ತಾಳಿಕೆಯಿಲ್ಲ. ಎಳೆದು ಗಡುಸುಗೊಳಿಸಿದ ಎರಡನೇ ವರ್ಗ ಮೇಲು. ಆದರೂ ವ್ಯಾಸ ದೊಡ್ಡದಾದಂತೆ ಅದರ ಹೆಚ್ಚುಗಾರಿಕೆ ಕರಗುತ್ತದೆ. ಸುರುಳಿ ಗ್ಯಾಸ್ಕೆಟ್ಟೋ ಚೆನ್ನಾಗಿ ಅದುಮಿದರಷ್ಟೇ ಕೂರುವ ಜಾತಿಯದು. ಬೋಲ್ಟು ಕೊಡಲಾರದ ಬಲವನ್ನು ಗ್ಯಾಸ್ಕೆಟ್ ಕೇಳಿದರೆ ಸೋರಿಕೆ ವಿನ್ಯಾಸದ ಹಂತದಲ್ಲೇ ಹುಟ್ಟಿದಂತೆ. ಆಗ ಕಡಿಮೆ ಬಲಕ್ಕೆ ಕೂರುವಂತೆ ಸುತ್ತಿದ ಸುರುಳಿಯನ್ನೋ, ಗೀರುಗೀರಾದ ಲೋಹದ ಬಿಲ್ಲೆಗೆ ಗ್ರ್ಯಾಫೈಟ್ ಹೊದಿಸಿದ ಕ್ಯಾಂಪ್ರೊಫೈಲ್ ಗ್ಯಾಸ್ಕೆಟ್ಟನ್ನೋ ಆರಿಸಿಕೊಳ್ಳಬೇಕಾಗುತ್ತದೆ.

ನಿಜವಾದ ಪರೀಕ್ಷೆ ಕೊಳವೆಯನ್ನು ಮೊದಲ ಬಾರಿ ತಣಿಸುವಾಗ. ನೂರು ಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆ ಎಲ್‌ಎನ್‌ಜಿಯ ಉಷ್ಣಾಂಶಕ್ಕೆ ಇಳಿಯುವ ವೇಳೆಗೆ ಕಾಲು ಮೀಟರಿಗೂ ಹೆಚ್ಚು ಕುಗ್ಗುತ್ತದೆ. ದ್ರವವನ್ನು ಮುಟ್ಟುವ ಫ್ಲ್ಯಾಂಜ್ ಬೇಗ ತಣಿಯುತ್ತದೆ, ಹೊರಗಿರುವ ಬೋಲ್ಟು ನಿಧಾನ. ಫ್ಲ್ಯಾಂಜ್ ತೆಳುವಾಗಿ ಬೋಲ್ಟಿನ್ನೂ ಮೊದಲಿನ ಉದ್ದದಲ್ಲೇ ಇರುವ ಆ ನಡುಗಾಲದಲ್ಲಿ ಬಿಗಿ ಸಡಿಲುತ್ತದೆ. ಕೊಳವೆಯ ತಳದಲ್ಲಷ್ಟೇ ದ್ರವ ಹರಿದರೆ ಮೇಲ್ಭಾಗ ಬೆಚ್ಚಗಿದ್ದು ಇಡೀ ಕೊಳವೆ ಬಿಲ್ಲಿನಂತೆ ಬಾಗುವುದೂ ಉಂಟು. ಆದ್ದರಿಂದಲೇ ಮೊದಲು ಕೊಳವೆಯ ತೇವ ತೆಗೆದು, ಬಳಿಕ ತಣ್ಣನೆಯ ಆವಿ ಹಾಯಿಸಿ ಹಂತಹಂತವಾಗಿ ತಣಿಸುತ್ತಾರೆ. ಹಡಗು ಇಲ್ಲದ ದಿನಗಳಲ್ಲೂ ಇಳಿಸುವ ಕೊಳವೆಯಲ್ಲಿ ಸ್ವಲ್ಪ ಎಲ್‌ಎನ್‌ಜಿಯನ್ನು ಸುತ್ತಾಡಿಸುತ್ತ ತಂಪನ್ನು ಕಾಪಾಡುವುದರ ಹಿಂದೆಯೂ ಇದೇ ವಿವೇಕವಿದೆ. ತಣಿದ ಮೇಲೆ ಬೋಲ್ಟನ್ನು ಮತ್ತೆ ಬಿಗಿಯುವುದಾದರೆ ಅದು ಒತ್ತಡ ಇಳಿಸಿ, ಲಿಖಿತ ವಿಧಾನದಂತೆ ನಡೆಯಬೇಕಾದ ಕೆಲಸ. ಸೋರುತ್ತಿದೆಯೆಂದು ಸ್ಪಾನರ್ ಹಿಡಿದು ಓಡುವ ಕೆಲಸವಲ್ಲ.

ಜೋಡಣೆಯ ಶಿಸ್ತಿಗೆ ಎಎಸ್‌ಎಂಇ ಪಿಸಿಸಿ-1 ಮಾರ್ಗಸೂಚಿಯಿದೆ. ಎದುರುಬದುರು ಬೋಲ್ಟುಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಮೂರು ಸುತ್ತುಗಳಲ್ಲಿ ಏರಿಸಿ, ಕೊನೆಗೆ ವೃತ್ತಾಕಾರದಲ್ಲಿ ಮತ್ತೊಮ್ಮೆ ನೋಡುವುದು ಪರಿಚಿತ ಕ್ರಮ. ಸ್ಟೇನ್‌ಲೆಸ್ ಮರೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಸ್ವಭಾವದವು, ಆದಕಾರಣ ಸೂಕ್ತ ಲೇಪ ಬೇಕು. ಫ್ಲ್ಯಾಂಜಿನ ಮುಖದ ಮೇಲೆ ಒಳಗಿನಿಂದ ಹೊರಕ್ಕೆ ಎಳೆದಂತಹ ಒಂದೇ ಒಂದು ಗೀರು ಸಾಕು, ಒಳ್ಳೆಯ ಗ್ಯಾಸ್ಕೆಟ್ಟೂ ನಿರುಪಯೋಗಿ. ಬಿಚ್ಚಿದ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಬಾರದೆಂದು ಬೇರೆ ಹೇಳಬೇಕಿಲ್ಲ.

ಸೋರಿಕೆಯನ್ನು ಕಂಡುಹಿಡಿಯುವುದೂ ಸುಲಭವಲ್ಲ. ನಮ್ಮ ಅಡುಗೆ ಅನಿಲಕ್ಕೆ ಬೆರೆಸುವ ವಾಸನೆಯ ಪದಾರ್ಥ ಎಲ್‌ಎನ್‌ಜಿಯಲ್ಲಿ ಇರುವುದಿಲ್ಲ. ಸಂಧಿಗಳು ದಪ್ಪ ನಿರೋಧಕ ಹೊದಿಕೆಯ ಒಳಗಿರುತ್ತವೆ. ಹೊದಿಕೆಯ ಮೇಲೆ ಮಂಜು ಕಟ್ಟಿದಾಗಲೇ ಅನುಮಾನ ಮೂಡುವುದು. ಹೊರಬಿದ್ದ ಆವಿ ಸುಮಾರು ಮೈನಸ್ 110 ಡಿಗ್ರಿಗೆ ಬೆಚ್ಚಗಾಗುವವರೆಗೆ ಗಾಳಿಗಿಂತ ಭಾರವಾಗಿದ್ದು ನೆಲದುದ್ದಕ್ಕೂ ಹರಡುತ್ತದೆ. ಗಾಳಿಯಲ್ಲಿ ಶೇ. 5ರಿಂದ 15ರವರೆಗೆ ಬೆರೆತಾಗ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳದೆ ಹಾರಿಹೋದರೂ ನಷ್ಟವೇ: ಇಪ್ಪತ್ತು ವರ್ಷಗಳ ಅವಧಿಯ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯೇರಿಸುವ ಮೀಥೇನಿನ ಶಕ್ತಿ ಇಂಗಾಲದ ಡೈಆಕ್ಸೈಡಿನ ಎಂಬತ್ತು ಪಟ್ಟು.

ಇಷ್ಟೆಲ್ಲ ತಲೆನೋವಿಗೆ ವಿನ್ಯಾಸಕಾರರು ಕಂಡುಕೊಂಡಿರುವ ನೇರ ಪರಿಹಾರವೆಂದರೆ ಸಂಧಿಗಳನ್ನೇ ಕಡಿಮೆ ಮಾಡುವುದು. ಎಲ್‌ಎನ್‌ಜಿ ಕೊಳವೆಗಳಲ್ಲಿ ಕವಾಟಗಳನ್ನೂ ಸಾಧ್ಯವಾದಷ್ಟು ಬೆಸುಗೆ ಹಾಕಿಯೇ ಕೂರಿಸುತ್ತಾರೆ. ದುರಸ್ತಿಗಾಗಿ ಮೇಲಿನಿಂದ ಬಿಚ್ಚಬಹುದಾದ ಕವಾಟಗಳನ್ನು ಆರಿಸುತ್ತಾರೆ. ಆಗಾಗ ಬಿಚ್ಚಲೇಬೇಕಾದ ಪಂಪು ಮತ್ತು ಉಪಕರಣಗಳ ಸಂಧಿಗಳಿಗೆ, ಹಡಗಿನ ತೋಳುಗಳಿಗೆ ಮಾತ್ರ ಫ್ಲ್ಯಾಂಜ್ ಉಳಿಯುತ್ತದೆ. ಅಲ್ಲಿಗೆ ಖರೀದಿಸುವ ಗ್ಯಾಸ್ಕೆಟ್ಟಿನ ಮಾದರಿಯನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತಣಿಸಿ, ಹೀಲಿಯಂ ಅನಿಲದಿಂದ ಸೋರಿಕೆ ಅಳೆದು, ಹಲವು ಬಾರಿ ತಣಿಸಿ-ಬೆಚ್ಚಗಾಗಿಸಿ ನೋಡಿದ ವರದಿಯನ್ನು ತಯಾರಕರಿಂದ ಕೇಳಿ ಪಡೆಯಬಹುದು. ಕೊಠಡಿಯ ಉಷ್ಣಾಂಶದಲ್ಲಿ ಮಾಡಿದ ಪರೀಕ್ಷೆಯ ವರದಿಯನ್ನು ಅದರ ಬದಲಿಗೆ ಒಪ್ಪಿಕೊಳ್ಳಬಾರದು.