ನಮ್ಮ ಕೊಟ್ಟಿಗೆಯ ಜೀಪು

ಹಿಂದೆ ಮಲೆನಾಡಿನ ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕೊಟ್ಟಿಗೆಗಳಿರುತ್ತಿದ್ದುವು; ಒಂದು ದನಗಳಿಗೆ, ಇನ್ನೊಂದು ಜೀಪಿಗೆ. ಮೂಡಿಗೆರೆಯ ಕಡೆಯ ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ಮಾಡು, ನಡುವೆ ಒಂದು ಮೋಟುಗೋಡೆ. ಆರಿದ್ರಾ ಮಳೆ ಹಿಡಿಯಿತೆಂದರೆ ತಂದೆಯವರು ದನಗಳನ್ನೊಮ್ಮೆ ನೋಡಿ ಬಂದು, ಆಮೇಲೆ ಜೀಪಿನ ಹಿಂದಿನ ಗಾಲಿಗಳಿಗೆ ಕಬ್ಬಿಣದ ಸರಪಳಿ ಬಿಗಿಯುತ್ತಿದ್ದರು. ಲಾಂದ್ರ ಹಿಡಿದು ನಿಲ್ಲುವುದು, ಕೇಳಿದ ಸ್ಪ್ಯಾನರನ್ನು ಕೈಗೆ ಕೊಡುವುದು ನನ್ನ ಕೆಲಸ. ತಪ್ಪು ಸ್ಪ್ಯಾನರು ಕೊಟ್ಟರೆ ಬೈಗಳೂ ನನ್ನವೇ.

ಆ ಜೀಪು ನಮ್ಮ ಮನೆಗೆ ಬಂದದ್ದು 1958ರಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಮಾರಿದ ವಸ್ತುಗಳಿಗೆ ಆಗ ‘ಡಿಸ್ಪೋಸಲ್ ಮಾಲು’ ಎಂಬ ಹೆಸರಿತ್ತು. ಇದೂ ಅಂಥದೇ ಮಾಲು. ಇಬ್ಬರ ಕೈ ದಾಟಿ ಮೂರನೆಯವರಾದ ನಮಗೆ ದಕ್ಕಿತ್ತು. ಸ್ಟೀರಿಂಗು ಎಡಗಡೆಗೆ, ಬ್ಯಾಟರಿ ಆರು ವೋಲ್ಟಿನದು. ಎಂಜಿನ್ನಿನ ಮೇಲೆ ‘ವಿಲ್ಲಿಸ್’ ಎಂಬ ಹೆಸರಿದ್ದರೂ ಹಲವು ಬೋಲ್ಟುಗಳ ತಲೆಯ ಮೇಲೆ ಇಂಗ್ಲಿಷಿನ ‘ಎಫ್’ ಅಕ್ಷರ ಒತ್ತಿತ್ತು. ಅದೇನೆಂದು ನಾನೊಮ್ಮೆ ಕೇಳಿದಾಗ ತಂದೆಯವರು ಸ್ವಲ್ಪ ಯೋಚಿಸಿ, “ಫಾರಿನ್ ಎಂದಿರಬೇಕು” ಎಂದರು. ಬಹಳ ದಿನ ನಾನು ಅದನ್ನೇ ನಂಬಿದ್ದೆ. ಆ ಅಕ್ಷರದ ನಿಜವಾದ ಅರ್ಥ ನನಗೆ ತಿಳಿದದ್ದು ತಂದೆಯವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

ಅದರ ಕಥೆ ಹೀಗಿದೆ. 1940ರ ಬೇಸಗೆಯಲ್ಲಿ, ಯೂರೋಪು ಯುದ್ಧದಲ್ಲಿ ಮುಳುಗಿದ್ದಾಗ, ದಾರಿಯಿಲ್ಲದ ಕಡೆಯೂ ಓಡಬಲ್ಲ ಒಂದು ಹಗುರವಾದ ಗಾಡಿ ಬೇಕೆಂದು ಅಮೆರಿಕಾದ ಸೈನ್ಯ 135 ಕಾರ್ಖಾನೆಗಳಿಗೆ ಪತ್ರ ಬರೆಯಿತು. ಮೊದಲ ಗಾಡಿಯನ್ನು 49 ದಿನಗಳೊಳಗೆ ತಂದೊಪ್ಪಿಸಬೇಕೆಂಬ ಷರತ್ತನ್ನು ನೋಡಿಯೇ ಹೆಚ್ಚಿನವರು ಹಿಂದೆಗೆದರು. ಒಪ್ಪಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಕಂಪನಿ. ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿದ್ದ ಸಣ್ಣ ಕಂಪನಿ ಅದು. ಅವರು ಕರೆಸಿಕೊಂಡ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರು ಜುಲೈ ತಿಂಗಳಲ್ಲಿ ಎರಡೇ ದಿನಗಳಲ್ಲಿ ನಕ್ಷೆ ಬರೆದು ಮುಗಿಸಿದ. ಸೆಪ್ಟೆಂಬರ್ 23ರಂದು, ಗಡುವಿಗೆ ಇನ್ನು ಅರ್ಧ ಗಂಟೆ ಇರುವಾಗ, ಗಾಡಿ ಸೈನ್ಯದ ಅಂಗಳಕ್ಕೆ ಬಂದು ನಿಂತಿತು.

ಆದರೆ ಬೆಳೆದವನೊಬ್ಬ, ಉಂಡವನೊಬ್ಬ ಎಂಬಂತಾಯಿತು. ಇಷ್ಟು ಸಣ್ಣ ಕಂಪನಿ ಸಾವಿರಗಟ್ಟಲೆ ಗಾಡಿಗಳನ್ನು ಒದಗಿಸಲಾರದೆಂದು ಎಣಿಸಿದ ಸೈನ್ಯದವರು ಬ್ಯಾಂಟಮ್‌ನ ನಕ್ಷೆಯನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿದರು. 60 ಅಶ್ವಶಕ್ತಿಯ ವಿಲ್ಲಿಸ್ ಎಂಜಿನ್ನೇ ಮೂರರಲ್ಲಿ ಬಲವಾದುದೆಂದು ತೀರ್ಮಾನವಾಗಿ 1941ರಲ್ಲಿ ದೊಡ್ಡ ಬೇಡಿಕೆ ಅದರ ಪಾಲಾಯಿತು. ಯುದ್ಧಕಾಲದಲ್ಲಿ ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡಿರುವುದು ಕ್ಷೇಮವಲ್ಲ. ಅದಕ್ಕಾಗಿ ಅದೇ ವರ್ಷ, ವಿಲ್ಲಿಸ್ ನಕ್ಷೆಯಂತೆಯೇ ಫೋರ್ಡ್ ಕೂಡ ಜೀಪು ತಯಾರಿಸಬೇಕು, ಒಬ್ಬರು ಮಾಡಿದ ಭಾಗ ಇನ್ನೊಬ್ಬರ ಗಾಡಿಗೆ ಹೊಂದಬೇಕು ಎಂದು ಗೊತ್ತಾಯಿತು. ಫೋರ್ಡ್‌ನವರು ತಾವು ಮಾಡಿದ ಭಾಗಗಳ ಮೇಲೆ ತಮ್ಮ ಹೆಸರಿನ ಮೊದಲಕ್ಷರವನ್ನು ಒತ್ತಿದರು. ನಮ್ಮ ಮನೆಯ ‘ಫಾರಿನ್’ ಎಂದರೆ ಇದು! ಯಾವುದೋ ಸೈನ್ಯದ ಕಾರ್ಯಾಗಾರದಲ್ಲಿ ಯಾರೋ ಒಬ್ಬ ವಿಲ್ಲಿಸ್ ಗಾಡಿಗೆ ಕೈಗೆ ಸಿಕ್ಕಿದ ಫೋರ್ಡ್ ಬೋಲ್ಟನ್ನು ಬಿಗಿದಿದ್ದ. ಅದು ಹೊಂದಿಕೊಂಡಿತ್ತು.

ಎರಡು ಕಂಪನಿಗಳೂ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮೇಲ್ಪಟ್ಟು ಜೀಪುಗಳನ್ನು ತಯಾರಿಸಿದುವು. ಕೆಟ್ಟುನಿಂತ ಎರಡರ ಭಾಗಗಳನ್ನು ಕೂಡಿಸಿ ಓಡುವ ಒಂದನ್ನು ಮಾಡಿಕೊಳ್ಳಲು ಸಾಧ್ಯವಿತ್ತು. ಸೈನಿಕನ ಅನುಕೂಲಕ್ಕೆಂದು ಮಾಡಿದ ಈ ಏರ್ಪಾಡು ಮುಂದೆ ಮಲೆನಾಡಿನ ಕೃಷಿಕನ ಭಾಗ್ಯವಾಯಿತು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲಂತೂ ಅವೇ ಬಿಡಿಭಾಗಗಳಲ್ಲಿ ಎಷ್ಟೋ ನಮ್ಮ ಹಳೆಯ ಗಾಡಿಗೂ ಒದಗಿದುವು.

ಆ ಎಂಜಿನ್ನನ್ನು ಬಿಚ್ಚುವುದು ಅಂಥ ಬ್ರಹ್ಮವಿದ್ಯೆಯೇನೂ ಆಗಿರಲಿಲ್ಲ. ಅದರ ‘ಹೆಡ್ಡು’ ಎಂದರೆ ಬೀಡುಕಬ್ಬಿಣದ ಒಂದು ಚಪ್ಪಟೆ ಮುಚ್ಚಳ. ಕವಾಟಗಳೆಲ್ಲ ಕೆಳಗೆ ಪಕ್ಕದಲ್ಲಿ. ಮುಚ್ಚಳ ತೆಗೆದು, ಮಸಿ ಕೆರೆದು, ಹೊಸ ಗ್ಯಾಸ್ಕೆಟ್ಟಿಟ್ಟು, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಹಳ್ಳ ದಾಟಿ ಬಂದ ವಾರದಲ್ಲಿ ಗಾಲಿಗಳ ಬೇರಿಂಗು ಬಿಚ್ಚಿ, ನೀರು ಸೇರಿ ಬೆಳ್ಳಗಾದ ಗ್ರೀಸನ್ನು ಒರೆಸಿ ಹೊಸದನ್ನು ತುಂಬಬೇಕು. ಎಡಗಡೆಯ ಗಾಲಿಗಳ ನಟ್ಟುಗಳ ಸುತ್ತು ಮಾತ್ರ ಉಲ್ಟಾ. ಗಾಲಿ ಉರುಳುವ ರಭಸಕ್ಕೆ ಸಡಿಲವಾಗದಿರಲೆಂದು ಹಾಗೆ ಮಾಡಿದ್ದರು. ಇದನ್ನರಿಯದೆ ನಾನೊಮ್ಮೆ ಮೈಮೇಲೆ ಬಿದ್ದು ತಿರುಗಿಸಿ, ಬಿಚ್ಚಬೇಕಾದ ನಟ್ಟನ್ನು ಇನ್ನಷ್ಟು ಬಿಗಿಮಾಡಿ ಕೂತಿದ್ದೆ. ತಂದೆಯವರು ನಕ್ಕು, “ಬಲ ಆಮೇಲೆ, ಮೊದಲು ಯಾವ ಕಡೆಗೆ ಎಂದು ನೋಡು” ಎಂದರು.

ಆ ಮಾತನ್ನು ಅವರೇ ಒಮ್ಮೆ ಮರೆತರು. ಅದನ್ನು ಬರೆಯುವುದು ನನಗೆ ಸುಲಭವಲ್ಲ.

ಕಾಫಿ ಮೂಟೆ ಸಾಗಿಸಲು ಜೀಪು ಸಾಲದಾಯಿತು. ಅದನ್ನು ಪಿಕಪ್ಪು ಮಾಡಬೇಕೆಂದು 1966ರಲ್ಲಿ ತಂದೆಯವರಿಗೆ ಹೊಳೆಯಿತು. ಹಿಂದಿನ ಸೀಟು ಕಿತ್ತರು. ಹಿಂಬದಿಯ ತಗಡು ಕತ್ತರಿಸಿದರು. ಕಬ್ಬಿಣದ ಪಟ್ಟಿಗಳ ಮೇಲೆ ಮತ್ತಿಮರದ ಹಲಗೆ ಹಾಸಿ, ಅದನ್ನು ಹಿಂದಿನ ಗಾಲಿಗಳಿಂದಾಚೆಗೆ ಎರಡು ಮೊಳ ಚಾಚಿದರು. ನಮ್ಮೂರ ಆಚಾರಿ ಹಳೆಯ ಲಾರಿಯೊಂದರ ಪಟ್ಟೆಯನ್ನು ಕಾಯಿಸಿ ಬಗ್ಗಿಸಿ ಸ್ಪ್ರಿಂಗಿಗೆ ಸೇರಿಸಿಕೊಟ್ಟ. ನೋಡಿದವರೆಲ್ಲ ಹೊಗಳಿದರು. ಹನ್ನೆರಡು ಮೂಟೆ ಹೇರಿದರೂ ಗಾಡಿ ಕುಸಿಯಲಿಲ್ಲ.

ಆ ಸುಗ್ಗಿಯಲ್ಲಿ ಒಂದು ದಿನ, ಮನೆಯ ಹಿಂದಿನ ಏರಿನಲ್ಲಿ, ಗಾಡಿಯ ಮುಂದಿನ ಗಾಲಿಗಳು ನೆಲ ಬಿಟ್ಟುವು. ಹಿಡಿತ ತಪ್ಪಿದ ಗಾಡಿ ಅಡ್ಡಡ್ಡಲಾಗಿ ಹಿಂದಕ್ಕೆ ಜಾರಿ ಧರೆಗೆ ಒರಗಿತು. ಮೂಟೆಗಳ ಮೇಲೆ ಕುಳಿತಿದ್ದ ಆಳು ಕೆಳಗೆ ಬಿದ್ದ. ಅವನ ಕಾಲಿನ ಮೇಲೆ ಮೂಟೆಗಳು ಬಿದ್ದುವು. ಮೂಳೆ ಕೂಡಿತು, ಆದರೆ ಆ ಮನುಷ್ಯ ಕೊನೆಯವರೆಗೂ ಕುಂಟುತ್ತಲೇ ನಡೆದ. ತಂದೆಯವರು ಅವನನ್ನು ಮನೆಯವನಂತೆ ನೋಡಿಕೊಂಡರು. ಆದರೂ ಅವನು ಅಂಗಳಕ್ಕೆ ಬಂದಾಗಲೆಲ್ಲ ಅವರ ಕಣ್ಣು ಮೊದಲು ಅವನ ಕಾಲಿನ ಕಡೆಗೆ ಹೋಗುತ್ತಿದ್ದುದನ್ನು ನಾನು ಬಲ್ಲೆ.

ಸೈನ್ಯದ ಕಡತದಲ್ಲಿ ಜೀಪಿನ ಹೆಸರೇ ‘ಕಾಲು ಟನ್ನಿನ ಗಾಡಿ’. ಅಮೆರಿಕಾದವರ ಕಾಲು ಟನ್ನೆಂದರೆ 500 ಪೌಂಡು, ಸುಮಾರು 227 ಕಿಲೋ. ನಾವು ಹೇರಿದ್ದು 600 ಕಿಲೋ, ಅದರಲ್ಲಿ ಬಹುಪಾಲು ಹಿಂದಿನ ಅಚ್ಚಿನಿಂದಾಚೆಗೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ ಬರೀ 80 ಅಂಗುಲ. ತಕ್ಕಡಿಯ ಒಂದು ತಟ್ಟೆಗೆ ಅಷ್ಟು ಹೇರಿದರೆ ಇನ್ನೊಂದು ಏಳದೆ ಇದ್ದೀತೇ? ವಿಲ್ಲಿಸ್‌ನವರೇ 1947ರಲ್ಲಿ ಪಿಕಪ್ಪು ತಂದಾಗ ಈ ಅಂತರವನ್ನು 118 ಅಂಗುಲಕ್ಕೆ ಹೆಚ್ಚಿಸಿದ್ದರೆಂದು ಮುಂದೆ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅವರು ಉದ್ದ ಮಾಡಿದ್ದು ಅಡಿಗಟ್ಟನ್ನು. ನಾವು ಉದ್ದ ಮಾಡಿದ್ದು ಬರಿಯ ಹಲಗೆಯನ್ನು.

ಮರುವರ್ಷ ತಂದೆಯವರು ಹಲಗೆಯನ್ನು ಅಚ್ಚಿನವರೆಗೆ ಮೊಟಕು ಮಾಡಿ, ಹೆಚ್ಚಿನ ಹೊರೆಗೆಂದು ಎರಡು ಗಾಲಿಯ ಟ್ರೈಲರು ಕೊಂಡರು. ಜೀಪಿನ ಬೇಡಿಕೆ ಕೈತಪ್ಪಿಹೋದ ಬ್ಯಾಂಟಮ್ ಕಂಪನಿಯೂ ಯುದ್ಧಕಾಲದಲ್ಲಿ ಜೀಪಿನ ಹಿಂದೆ ಕಟ್ಟುವ ಟ್ರೈಲರುಗಳನ್ನೇ ಮಾಡಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ.

ನಮ್ಮ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಬದಲಾಯಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಹೇಳಿತು. ತೋಟಗಳ ಕಡೆ ಇದಕ್ಕೆ ಗೊಣಗುವವರು ಹಲವರು. ನನ್ನ ಗಾಡಿ, ನನ್ನ ಕೊಟ್ಟಿಗೆ, ಕೇಳಲು ನೀವಾರು ಎಂಬ ವಾದ ಅವರದು. ನನಗೂ ಒಂದು ಕಾಲಕ್ಕೆ ಹಾಗೇ ಅನಿಸುತ್ತಿತ್ತು. ಈಗ ಆ ಕುಂಟುನಡಿಗೆ ನೆನಪಾಗುತ್ತದೆ. ಆದರೆ ರಿಪೇರಿ ಬೇರೆ, ಮಾರ್ಪಾಡು ಬೇರೆ. ತನ್ನ ಗಾಡಿಯನ್ನು ತಾನೇ ಬಿಚ್ಚಿ ಜೋಡಿಸುವ ವಿದ್ಯೆಯನ್ನು ಯಾವ ಕಾಯಿದೆಯೂ ಕಸಿದುಕೊಂಡಿಲ್ಲ. ಅದನ್ನು ಬಿಟ್ಟುಕೊಡುತ್ತಿರುವವರು ನಾವೇ. ಎಂಜಿನ್ನಿನ ಮುಚ್ಚಳ ತೆರೆದು ನೋಡಿ, ಏನೂ ತಿಳಿಯದೆ ಮತ್ತೆ ಮುಚ್ಚುವ ಕಾಲ ಬಂದಿದೆ.

ಜೀಪು ಈಗಲೂ ಕೊಟ್ಟಿಗೆಯಲ್ಲಿದೆ. ಪಕ್ಕದಲ್ಲಿ ದನಗಳು ಮಾತ್ರ ಇಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ ಮೊಮ್ಮಗನನ್ನು ಕೂರಿಸಿಕೊಂಡು ಅದರ ಬೇರಿಂಗು ಬಿಚ್ಚಿದೆ. ಎಡಗಡೆಯ ಗಾಲಿಯ ನಟ್ಟಿಗೆ ಅವನು ಸ್ಪ್ಯಾನರು ಹಾಕಿ ಹಲ್ಲು ಕಚ್ಚಿ ತಿರುಗಿಸತೊಡಗಿದ. ನಾನು ಸ್ವಲ್ಪ ಹೊತ್ತು ಏನೂ ಹೇಳದೆ ನೋಡುತ್ತ ನಿಂತೆ.