ಆಟದ ಗುಣದೋಷ ಹೇಳುವವರು

ಕಳೆದ ವರ್ಷ ದೀಪಾವಳಿಯ ಸೂಟಿ ಮುಗಿದು ಶಾಲೆ ತೆರೆದ ಮರುದಿನದ ಮಾತು. ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಮಧ್ಯಾಹ್ನದ ವಿರಾಮದಲ್ಲಿ ನನ್ನೆದುರಿಗೆ ಬಂದು ನಿಂತ. ಮುಖ ಬಾಡಿತ್ತು.

“ಸರ್, ವಿಮರ್ಶೆ ಓದಿ ಆಮ್ಯಾಲೆ ತಗೋ ಅಂತ ನೀವ ಹೇಳಿದ್ರಿ. ಹತ್ತು ಕಡೆ ಓದೀನ್ರಿ. ಎಲ್ಲಾರೂ ಭಾಳ ಛಲೋ ಐತಿ ಅಂದ್ರು. ಈಗ ನಮ್ಮ ಕಂಪ್ಯೂಟರದಾಗ ಆ ಆಟ ಚಾಲೂನ ಆಗವಲ್ದು ನೋಡ್ರಿ. ಅಪ್ಪ ಸಿಟ್ಟಿಗೆದ್ದಾನ್ರಿ. ಯಾರ ಮಾತ ನಂಬಬೇಕ್ರಿ ಇನ್ನ?”

ಅವನ ತಂದೆ ಮೂಡಲಗಿಯ ಹತ್ತಿರದ ಹಳ್ಳಿಯ ರೈತರು. ತಡವಾಗಿ ಕೈಸೇರಿದ ಕಬ್ಬಿನ ಬಿಲ್ಲಿನೊಳಗಿಂದ ಎರಡೂವರೆ ಸಾವಿರ ರೂಪಾಯಿಗಳನ್ನು ತೆಗೆದು ಮಗನ ವಿಡಿಯೋ ಆಟಕ್ಕೆ ಕೊಟ್ಟಿದ್ದರು. ಉಪದೇಶ ಮಾಡಿದವನು ನಾನು. ಹಣ ಕಳೆದುಕೊಂಡವರು ಅವರು. ಪುಸ್ತಕ ಕೊಳ್ಳುವ ಮುನ್ನ ವಿಮರ್ಶೆ ನೋಡಿರೆಂದು ಹೇಳುವುದು ಮೂವತ್ತು ವರ್ಷಗಳ ನನ್ನ ರೂಢಿ. ಅದೇ ಮಾತನ್ನು ಆಟಕ್ಕೂ ಹೇಳಿಬಿಟ್ಟಿದ್ದೆ. ಪುಸ್ತಕವು ಯಾರ ಕೈಯಲ್ಲಿದ್ದರೂ ಒಂದೇ ಪುಸ್ತಕ. ಈ ಆಟಗಳು ಹಾಗಲ್ಲವೆಂಬುದು ನನಗೆ ತಿಳಿದಿರಲಿಲ್ಲ. ತಪ್ಪಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಷ್ಟೆ. ಆ ಚಳಿಗಾಲದ ರಾತ್ರಿಗಳಲ್ಲಿ, ಆಟಗಳ ಗುಣದೋಷ ಹೇಳುವವರ ಚರಿತ್ರೆಯನ್ನು ಹುಡುಕಿ ಓದಿದೆ. ಮನೆಯಲ್ಲಿ ಮಕ್ಕಳಿರುವವರಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಹೇಳುತ್ತೇನೆ.

ಗುಣದೋಷ ವಿಚಾರವೆಂಬುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ಕಾವ್ಯದ ಗುಣದೋಷಗಳನ್ನು ಹೇಳಲೆಂದೇ ಹುಟ್ಟಿತು. ಅದರ ಮೊದಲ ಪರಿಚ್ಛೇದವೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲು. ಆಟಗಳನ್ನು ಶಾಸ್ತ್ರವಾಗಿ ವಿಚಾರಿಸಿದವರೂ ನಮ್ಮಲ್ಲಿ ಉಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಕೊನೆಯ ಎರಡು ಭಾಗಗಳು ವಿನೋದ, ಕ್ರೀಡೆಗಳನ್ನೇ ಕುರಿತವು. ಆದರೆ ಪಗಡೆಯನ್ನಾಗಲಿ ಚೌಕಾಬಾರವನ್ನಾಗಲಿ ಆಡುವ ಮುನ್ನ ವಿಮರ್ಶಕನನ್ನು ಕೇಳುವ ಪ್ರಮೇಯವಿರಲಿಲ್ಲ. ನೆಲದ ಮೇಲೆ ಮನೆ ಬರೆದು ಹುಣಸೆಬೀಜ ಎಸೆದರೆ ಆಟ ಆರಂಭ. ಆಟವು ಮೊಹರು ಮಾಡಿದ ಡಬ್ಬಿಯಲ್ಲಿ ಬೆಲೆ ಹೊತ್ತು ಅಂಗಡಿಗೆ ಬಂದ ದಿನದಿಂದ ಅದರ ಗುಣದೋಷ ಹೇಳುವವನೂ ಬೇಕಾದ.

ಆ ದಿನ ಬಂದದ್ದು ಅಮೆರಿಕದಲ್ಲಿ. ೧೯೭೨ರಲ್ಲಿ ಅಟಾರಿ ಎಂಬ ಕಂಪನಿ ‘ಪಾಂಗ್’ ಆಟದ ಯಂತ್ರವನ್ನು ಹೊರತಂದಿತು. ನಾಣ್ಯ ಹಾಕಿ ಆಡುವ ಯಂತ್ರವದು. ರುಚಿಸದಿದ್ದರೆ ಹೋಗುವುದು ಒಂದು ನಾಣ್ಯ ಮಾತ್ರ. ೧೯೭೭ರಲ್ಲಿ ಅದೇ ಕಂಪನಿ ಮನೆಯ ಟೆಲಿವಿಷನ್ನಿಗೆ ಜೋಡಿಸುವ ಯಂತ್ರವನ್ನು ತಂದಿತು. ಆಟಗಳನ್ನು ಒಂದೊಂದಾಗಿ ಬೆಲೆಕೊಟ್ಟು ಕೊಳ್ಳಬೇಕಾಯಿತು. ಡಬ್ಬಿಯ ಮೇಲಿನ ಬಣ್ಣದ ಚಿತ್ರವೊಂದು, ಒಳಗಿನ ಆಟವೊಂದು! ೧೯೭೯ರಲ್ಲಿ ಆರ್ನಿ ಕಾಟ್ಜ್ ಮತ್ತು ಬಿಲ್ ಕುಂಕೆಲ್ ಎಂಬಿಬ್ಬರು ‘ವಿಡಿಯೋ’ ಎಂಬ ಪತ್ರಿಕೆಯಲ್ಲಿ ಆಟಗಳ ವಿಮರ್ಶೆಗೆ ಅಂಕಣವೊಂದನ್ನು ತೆರೆದರು. ೧೯೮೧ರಲ್ಲಿ ಜಾಯ್ಸ್ ವರ್ಲಿ ಎಂಬಾಕೆಯೊಡಗೂಡಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಎಂಬ ಪ್ರತ್ಯೇಕ ಪತ್ರಿಕೆಯನ್ನೇ ಹೊರಡಿಸಿದರು. ಅದೇ ವರ್ಷ ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿಯೂ ಇಂಥದೊಂದು ಪತ್ರಿಕೆ ಹುಟ್ಟಿತು.

ಗ್ರಾಹಕನು ಕುರುಡಾಗಿ ಕೊಂಡರೆ ಏನಾಗುವುದೆಂಬುದಕ್ಕೆ ಮರುವರ್ಷವೇ ದೃಷ್ಟಾಂತ ಸಿಕ್ಕಿತು. ‘ಇ.ಟಿ.’ ಎಂಬ ಜನಪ್ರಿಯ ಚಲನಚಿತ್ರದ ಹೆಸರಿನಲ್ಲಿ ಅಟಾರಿ ೧೯೮೨ರ ಕ್ರಿಸ್‌ಮಸ್ ಹಬ್ಬಕ್ಕೆ ಒಂದು ಆಟವನ್ನು ಮಾರಿತು. ಅದನ್ನು ಕಟ್ಟಲು ಕೊಟ್ಟ ಅವಧಿ ಸುಮಾರು ಐದು ವಾರ! ಹೆಸರು ನೋಡಿ ಕೊಂಡವರು ಆಡಿ ಬೇಸತ್ತರು. ಮಾರಾಟವಾಗದೆ ಉಳಿದ ಸರಕಿನಲ್ಲಿ ಒಂದು ಪಾಲನ್ನು ೧೯೮೩ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಮರುಭೂಮಿಯಲ್ಲಿ ಹೂಳಲಾಯಿತು; ೨೦೧೪ರಲ್ಲಿ ಅಗೆದು ನೋಡಿದಾಗ ಡಬ್ಬಿಗಳು ಸಿಕ್ಕವು. ಇಂಥ ಸರಕು ಹೆಚ್ಚಿದ್ದೂ ಸೇರಿ, ಅಮೆರಿಕದಲ್ಲಿ ಮನೆಯ ಆಟಗಳ ವ್ಯಾಪಾರವೇ ನೆಲಕಚ್ಚಿತು. ನಂಬಿಕೆ ಕೆಟ್ಟರೆ ಕೊಳ್ಳುವವನೊಬ್ಬನೇ ಅಲ್ಲ, ಮಾರುವವನೂ ಕೆಡುತ್ತಾನೆ.

ಮುಂದೆ ಜಪಾನಿನವರ ಕಾಲ. ಅಲ್ಲಿಯ ‘ಫಾಮಿತ್ಸು’ ಪತ್ರಿಕೆ ೧೯೮೬ರಲ್ಲಿ ಒಂದು ಪದ್ಧತಿಯನ್ನು ತಂದಿತು. ಒಂದು ಆಟವನ್ನು ನಾಲ್ವರು ಆಡುವರು, ಒಬ್ಬೊಬ್ಬರೂ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವರು, ಒಟ್ಟು ನಲವತ್ತು. ಒಬ್ಬನ ಪಕ್ಷಪಾತವನ್ನು ಇನ್ನು ಮೂವರು ತೂಗಿಸಲಿ ಎಂಬುದು ಇದರ ಲಾಭ. ಇತ್ತ ೧೯೮೮ರಲ್ಲಿ ನಿಂಟೆಂಡೊ ಕಂಪನಿ ಅಮೆರಿಕದಲ್ಲಿ ‘ನಿಂಟೆಂಡೊ ಪವರ್’ ಎಂಬ ಪತ್ರಿಕೆಯನ್ನು ತಾನೇ ಹೊರಡಿಸಿತು. ಓದುಗರು ಅದನ್ನು ಬಹಳ ಮೆಚ್ಚಿದರು. ಆದರೆ ಆಟ ಮಾಡುವವರೂ ಅವರೇ, ಅದು ಹೇಗಿದೆಯೆಂದು ಹೇಳುವವರೂ ಅವರೇ ಆದರೆ, ತನ್ನ ಮಜ್ಜಿಗೆಯನ್ನು ಹುಳಿಯೆಂದು ಯಾರು ಹೇಳಿಯಾರು?

೧೯೯೬ರಲ್ಲಿ ಗೇಮ್‌ಸ್ಪಾಟ್, ಐಜಿಎನ್ ಎಂಬ ಜಾಲತಾಣಗಳು ತೆರೆದವು. ಚಂದಾ ಇಲ್ಲದೆ, ತಿಂಗಳು ಕಾಯದೆ, ಕುಳಿತಲ್ಲಿಯೇ ವಿಮರ್ಶೆ ದೊರೆಯತೊಡಗಿತು. ಓದುಗನು ಹಣ ಕೊಡುವುದಿಲ್ಲವಾದರೆ ಬರೆಯುವವನಿಗೆ ಸಂಬಳ ಎಲ್ಲಿಂದ? ಬಹುಮಟ್ಟಿಗೆ ಜಾಹೀರಾತಿನಿಂದ. ಜಾಹೀರಾತು ಕೊಡುವವರಲ್ಲಿ ಆಟ ಮಾರುವವರೇ ಮುಖ್ಯರು. ೨೦೦೭ರ ನವೆಂಬರಿನಲ್ಲಿ ಗೇಮ್‌ಸ್ಪಾಟಿನ ಹಿರಿಯ ವಿಮರ್ಶಕ ಜೆಫ್ ಗರ್ಸ್ಟ್‌ಮನ್, ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟ. ಅದೇ ತಾಣದ ತುಂಬ ಅದೇ ಆಟದ ಜಾಹೀರಾತು ರಾರಾಜಿಸುತ್ತಿತ್ತು. ಕೆಲ ದಿನಗಳಲ್ಲಿ ಅವನ ಕೆಲಸ ಹೋಯಿತು. ಕಡಿಮೆ ಅಂಕಗಳಿಂದ ಜಾಹೀರಾತುದಾರರು ಸಿಟ್ಟಾದದ್ದೇ ಅದರ ಹಿನ್ನೆಲೆಯೆಂದು ಅವನು ೨೦೧೨ರಲ್ಲಿ ಬಹಿರಂಗವಾಗಿ ಹೇಳಿದ. ಕೆಲಸ ಕಳೆದುಕೊಂಡವನು ೨೦೦೮ರಲ್ಲಿ ‘ಜೈಂಟ್ ಬಾಂಬ್’ ಎಂಬ ತನ್ನ ತಾಣವನ್ನು ಕಟ್ಟಿದ. ಮುಂದೆ ಅದಕ್ಕೆ ಓದುಗರ ಚಂದಾ ಆಸರೆಯಾಯಿತು.

ಅಂಕಗಳ ಮೋಹವೂ ಒಂದು ತೊಡಕು. ೨೦೦೧ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಎಂಬ ತಾಣ ಹಲವು ವಿಮರ್ಶಕರ ಅಂಕಗಳ ಸರಾಸರಿ ತೆಗೆದು ತೋರಿಸುತ್ತದೆ. ಅನುಕೂಲವೇನೋ ಹೌದು. ಆದರೆ ೨೦೧೦ರ ‘ಫಾಲ್‌ಔಟ್: ನ್ಯೂ ವೇಗಸ್’ ಆಟ ಕಟ್ಟಿದವರಿಗೆ ನೂರಕ್ಕೆ ಎಂಬತ್ತೈದು ಬಂದರೆ ಬೋನಸ್ ಎಂಬ ಕರಾರಿತ್ತು, ಬಂದದ್ದು ಎಂಬತ್ತನಾಲ್ಕು. ಒಂದಂಕದಿಂದ ಬೋನಸ್ ತಪ್ಪಿತು. ಪರೀಕ್ಷೆಯ ಪತ್ರಿಕೆ ತಿದ್ದುವ ನಮ್ಮಂಥವರಿಗೆ ಈ ಒಂದಂಕದ ಸಂಕಟ ಚೆನ್ನಾಗಿ ಗೊತ್ತು. ಅಂಕ ಹೇಳುವುದು ‘ಎಷ್ಟು’ ಎಂಬುದನ್ನು. ‘ಏಕೆ’ ಎಂಬುದು ಬರಹದಲ್ಲಿರುತ್ತದೆ.

ಆಮೇಲೆ ಬರಹವೂ ಹಿಂದೆ ಸರಿದು ವಿಡಿಯೋಗಳು ಬಂದವು. ೨೦೧೪ರ ‘ಶ್ಯಾಡೋ ಆಫ್ ಮೊರ್ಡೋರ್’ ಆಟವನ್ನು ಹೊಗಳಲು ವಾರ್ನರ್ ಬ್ರದರ್ಸ್ ಕಂಪನಿ ಯೂಟ್ಯೂಬಿನ ಹೆಸರಾಂತ ಆಟಗಾರರಿಗೆ ಹಣ ಕೊಟ್ಟಿತ್ತು. ಆಟದ ದೋಷಗಳನ್ನು ತೋರಿಸಬಾರದೆಂಬುದೂ ಕರಾರಿನಲ್ಲಿತ್ತು. ಹಣ ಪಡೆದ ಸಂಗತಿ ನೋಡುವವರ ಕಣ್ಣಿಗೆ ಸುಲಭವಾಗಿ ಬೀಳುವಂತಿರಲಿಲ್ಲ. ಅಮೆರಿಕದ ವ್ಯಾಪಾರ ಆಯೋಗ ಇದನ್ನು ಹಿಡಿದು, ೨೦೧೬ರಲ್ಲಿ ಕಂಪನಿಯನ್ನು ನಿರ್ಬಂಧಕ್ಕೆ ಒಪ್ಪಿಸಿತು.

ನಮ್ಮ ಹುಡುಗನ ಕಥೆಗೆ ತೀರ ಹತ್ತಿರವಾದದ್ದು ೨೦೨೦ರ ಡಿಸೆಂಬರಿನ ಪ್ರಕರಣ. ಕನ್ನಡದ ಮಾಸಪತ್ರಿಕೆಗಳಿಗೆ ವಿಮರ್ಶೆಗಾಗಿ ಪುಸ್ತಕದ ಎರಡು ಪ್ರತಿ ಕಳಿಸುವ ರೂಢಿಯುಂಟಷ್ಟೆ. ಬಂದ ಪುಸ್ತಕಗಳ ಹೆಸರುಗಳನ್ನು ‘ಸಾದರ ಸ್ವೀಕಾರ’ ಎಂದು ಅಚ್ಚುಹಾಕಿ, ಓದಿ ತೂಗಿದವನ್ನು ಮಾತ್ರ ‘ವಿಮರ್ಶೆ’ ಎನ್ನುತ್ತಾರೆ. ಆಟದ ಕಂಪನಿಗಳೂ ಹಾಗೆಯೇ ಮುಂಗಡ ಪ್ರತಿ ಕೊಡುತ್ತವೆ. ‘ಸೈಬರ್‌ಪಂಕ್ ೨೦೭೭’ ಆಟವನ್ನು ಮಾಡಿದವರು ಬಿಡುಗಡೆಗೆ ಮುನ್ನ ಕಂಪ್ಯೂಟರಿನಲ್ಲಿ ಆಡುವ ಪ್ರತಿಗಳನ್ನಷ್ಟೇ ಕೊಟ್ಟರು. ಟೆಲಿವಿಷನ್ನಿಗೆ ಜೋಡಿಸುವ ಹಳೆಯ ಯಂತ್ರಗಳ ಪ್ರತಿ ಕೊಡಲಿಲ್ಲ. ಪ್ರಶಂಸೆಯ ಮಳೆ ಸುರಿಯಿತು. ಡಿಸೆಂಬರ್ ೧೦ರಂದು ಆಟ ಬಿಡುಗಡೆಯಾದಾಗ ಹಳೆಯ ಯಂತ್ರದವರ ಮನೆಗಳಲ್ಲಿ ಅದು ಮುಗ್ಗರಿಸುತ್ತ, ನಿಲ್ಲುತ್ತ ನಡೆಯಿತು. ಕಂಪ್ಯೂಟರಿನ ಪ್ರತಿಗೆ ಒಂಬತ್ತು ಅಂಕ ಕೊಟ್ಟಿದ್ದ ಐಜಿಎನ್, ಹಳೆಯ ಯಂತ್ರಗಳ ಪ್ರತಿಯನ್ನು ಬೇರೆಯಾಗಿ ಆಡಿ ನೋಡಿ ನಾಲ್ಕು ಅಂಕ ಕೊಟ್ಟಿತು. ಒಂದೇ ಆಟ, ಎರಡು ಯಂತ್ರ. ಒಂಬತ್ತು ಮತ್ತು ನಾಲ್ಕು! ಸೋನಿ ಕಂಪನಿ ಎಂಟೇ ದಿನಗಳಲ್ಲಿ ಆ ಆಟವನ್ನು ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ಮರಳಿಸಲು ಒಪ್ಪಿತು. ನಮ್ಮ ಹುಡುಗ ಓದಿದ ಹತ್ತು ಪ್ರಶಂಸೆಗಳೂ ಸುಳ್ಳಲ್ಲ. ಅವು ಲಕ್ಷ ರೂಪಾಯಿಯ ಕಂಪ್ಯೂಟರಿನ ಮುಂದೆ ಕುಳಿತು ಬರೆದ ಸತ್ಯಗಳು; ಇವನದು ಅಣ್ಣ ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರು.

ವಿಮರ್ಶೆಯ ಅವಸ್ಥೆ ಇದಾದರೆ ಸುದ್ದಿಯ ಅವಸ್ಥೆ ಇನ್ನೊಂದು. ೨೦೨೩ರ ಜುಲೈಯಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುವವರಿಗೆ ಒಂದು ಸಂಶಯ ಬಂತು: ತಮ್ಮ ಹರಟೆಯನ್ನೇ ಯಾವುದೋ ಯಂತ್ರವು ಎತ್ತಿ ಸುದ್ದಿಯಾಗಿ ಬರೆಯುತ್ತಿದೆಯೆಂದು. ಪರೀಕ್ಷಿಸಲೆಂದು ‘ಗ್ಲೋರ್ಬೊ’ ಎಂಬ ಹೆಸರನ್ನು ಹುಟ್ಟಿಸಿ, ಅದು ಆಟಕ್ಕೆ ಬರುತ್ತಿದೆಯೆಂದು ಕುಣಿದಾಡಿದರು. ಗ್ಲೋರ್ಬೊ ಎಂಬುದು ಇರಲೇ ಇಲ್ಲ. ಆದರೂ ಒಂದು ತಾಣದಲ್ಲಿ ಅದರ ಆಗಮನದ ಸುದ್ದಿ ಗಂಭೀರವಾಗಿ ಪ್ರಕಟವಾಯಿತು! ಇತ್ತ ೧೯೯೧ರಿಂದ ನಡೆದುಬಂದಿದ್ದ ‘ಗೇಮ್ ಇನ್ಫಾರ್ಮರ್’ ಪತ್ರಿಕೆಯನ್ನು ಅದರ ಒಡೆಯರಾದ ಆಟ ಮಾರುವ ಅಂಗಡಿಯವರು ೨೦೨೪ರ ಆಗಸ್ಟಿನಲ್ಲಿ ಮುಚ್ಚಿದಾಗ, ಅದರ ಜಾಲತಾಣದ ಬರಹಗಳೆಲ್ಲ ಒಂದೇ ದಿನದಲ್ಲಿ ಕಾಣೆಯಾದವು. ಮರುವರ್ಷ ಅದು ಬೇರೆ ಒಡೆಯರಲ್ಲಿ ಮರುಹುಟ್ಟು ಪಡೆಯಿತು. ಈ ಒಡೆಯರು ಆಟ ತಯಾರಿಸುವವರು.

ನಮ್ಮ ದೇಶದಲ್ಲಿ ಏನೂ ನಡೆದಿಲ್ಲವೆಂದಲ್ಲ. ಭಾರತೀಯ ಮಾನಕ ಬ್ಯೂರೋ ೨೦೨೨ರಲ್ಲಿ ಅಂತರಜಾಲದ ಗ್ರಾಹಕ ವಿಮರ್ಶೆಗಳಿಗೆ ಒಂದು ಮಾನಕವನ್ನು ಗೊತ್ತುಪಡಿಸಿತು. ೨೦೨೩ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಹಣವನ್ನೋ ಉಡುಗೊರೆಯನ್ನೋ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದೆಂದು ಹೇಳಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆ, ಹಣ ಕಟ್ಟಿ ಆಡುವ ಅಂತರಜಾಲದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು.

ಆದರೆ ಕನ್ನಡದಲ್ಲಿ? ಬೆಂಗಳೂರಿನಲ್ಲಿ ೧೯೯೭ರಷ್ಟು ಹಿಂದೆಯೇ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಸುವ ಸಂಸ್ಥೆ ಹುಟ್ಟಿತು. ಡಾ. ಯು. ಬಿ. ಪವನಜ ಅವರು ‘ಪ್ರಜಾವಾಣಿ’ಯ ‘ಗ್ಯಾಜೆಟ್ ಲೋಕ’ದಲ್ಲಿ ಫೋನು ಮೊದಲಾದ ಸಾಧನಗಳ ಗುಣದೋಷಗಳನ್ನು ತಿಳಿಗನ್ನಡದಲ್ಲಿ ಬರೆದು ದಾರಿ ತೋರಿದ್ದಾರೆ. ಆಟಗಳಿಗೆ ಅಂಥ ಲೇಖನಿ ಇನ್ನೂ ಸಾಲದು. ಆದಕಾರಣ ನಮ್ಮ ಮಕ್ಕಳು ಪರಭಾಷೆಯ ಪ್ರಶಂಸೆಯನ್ನು ಅರೆಬರೆ ಅರ್ಥಮಾಡಿಕೊಂಡು ತಂದೆಯ ಹಣ ಕಟ್ಟುತ್ತಾರೆ.

ಈ ಚರಿತ್ರೆಯಿಂದ ನಾನು ಕಲಿತದ್ದು ಮೂರು ಪ್ರಶ್ನೆಗಳು. ಹೇಳುವವನಿಗೆ ಹಣ ಕೊಟ್ಟವರಾರು? ಅವನು ಎಷ್ಟು ಹೊತ್ತು, ಎಂಥ ಯಂತ್ರದ ಮೇಲೆ ಆಡಿದ? ತಪ್ಪಿದಾಗ ಒಪ್ಪಿ ತಿದ್ದಿಕೊಂಡನೇ? ಮೂರಕ್ಕೂ ಉತ್ತರ ಕೊಡುವವನನ್ನು, ಅವನು ನಮಗೆ ಪ್ರಿಯವಾದದ್ದನ್ನು ತೆಗಳಿದರೂ, ನಂಬಬಹುದು.

ಮೂರನೆಯ ಪ್ರಶ್ನೆ ನನಗೂ ಅನ್ವಯಿಸಿತು. ಒಂದು ಭಾನುವಾರ ಹುಡುಗನ ಮನೆಗೆ ಹೋಗಿ ಅವನ ತಂದೆಗೆ ಹೇಳಿದೆ: “ತಪ್ಪು ನಿಮ್ಮ ಮಗಂದಲ್ರಿ. ಅರ್ಧಾ ಮಾತ ಹೇಳಿದಾಂವ ನಾನು.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಬಿಡ್ರಿ ಮಾಸ್ತರ, ಚಹಾ ಕುಡೀರಿ,” ಎಂದರು.

ಈ ಸಲದ ನಮ್ಮ ಶಾಲೆಯ ಕೈಬರಹದ ಪತ್ರಿಕೆಯಲ್ಲಿ ಆ ಹುಡುಗನ ಬರಹವೊಂದಿದೆ. ಗೆಳೆಯನ ಮನೆಯಲ್ಲಿ ಆಡಿದ ಬೇರೊಂದು ಆಟದ ವಿಮರ್ಶೆ. ಕೊನೆಗೆ ಗುಂಡಾದ ಅಕ್ಷರಗಳಲ್ಲಿ ಬರೆದಿದ್ದಾನೆ: ಈ ಆಟವನ್ನು ನನಗೆ ಯಾರೂ ಪುಕ್ಕಟೆ ಕೊಟ್ಟಿಲ್ಲ, ಆರು ತಾಸು ಆಡಿದ್ದೇನೆ, ಕೊನೆ ಮುಟ್ಟಿಲ್ಲ, ನಮ್ಮ ಮನೆಯಂಥ ಹಳೆಯ ಕಂಪ್ಯೂಟರಿನಲ್ಲಿ ಇದು ನಡೆಯುವುದಿಲ್ಲ. ಕಾಗುಣಿತದ ತಪ್ಪು ಎರಡಿದ್ದವು, ತಿದ್ದಿದೆ. ಉಳಿದದ್ದರಲ್ಲಿ ನಾನು ತಿದ್ದುವಂಥದೇನೂ ಇರಲಿಲ್ಲ.