ಕುರ್ಚಿ: ಅಧಿಕಾರದಿಂದ ಅಧ್ಯಯನಕ್ಕೆ

ಕುರ್ಚಿ ಎಂದೊಡನೆ ನಮಗೆ ಮೊದಲು ನೆನಪಾಗುವುದು ವಿಧಾನಸೌಧ. ಕುರ್ಚಿಗಾಗಿ ಕಿತ್ತಾಟ, ಕುರ್ಚಿಗೆ ಕುತ್ತು, ಕುರ್ಚಿ ಭದ್ರ ಎಂಬ ಶೀರ್ಷಿಕೆಗಳನ್ನು ಓದಿ ಓದಿ ಈ ಪದ ಅಧಿಕಾರದ ಇನ್ನೊಂದು ಹೆಸರೇ ಆಗಿಬಿಟ್ಟಿದೆ. ಆದರೆ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಸಿಇಟಿಗೋ ಓದುತ್ತಾ ದಿನಕ್ಕೆ ಎಂಟು ಹತ್ತು ತಾಸು ಕೂತಲ್ಲೇ ಕೂರುವ ಮಕ್ಕಳ ಕುರ್ಚಿಯ ಬಗ್ಗೆ ಮಾತನಾಡುವವರು ಕಡಿಮೆ. ಟ್ಯೂಷನ್ನಿಗೆ, ಗೈಡುಗಳಿಗೆ ಸಾಲ ಮಾಡಿಯಾದರೂ ಹಣ ಹೊಂದಿಸುವ ಮನೆಗಳಲ್ಲಿ, ಮಗು ಯಾವುದರ ಮೇಲೆ ಕೂತು ಓದುತ್ತಿದೆ ಎಂದು ಯಾರೂ ನೋಡಿರುವುದಿಲ್ಲ. ಬೆನ್ನು ನೋಯುತ್ತಿದೆ ಎಂದರೆ ಓದು ತಪ್ಪಿಸಲು ನೆಪ ಎಂಬ ಗದರಿಕೆ ಸಿಗುತ್ತದೆ. ಈ ಅಲಕ್ಷ್ಯದ ಹಿಂದೆ ಒಂದು ದೀರ್ಘ ಇತಿಹಾಸವಿದೆ. ಕುರ್ಚಿ ಹುಟ್ಟಿದ್ದೇ ಓದುವವರಿಗಾಗಿ ಅಲ್ಲ, ಆಳುವವರಿಗಾಗಿ.

ಪದ ಹೇಳುವ ಕಥೆ

ಕುರ್ಚಿ ಎಂಬ ಪದ ನಮ್ಮ ಭಾಷೆಗೆ ಬಂದದ್ದು ಅರಬಿಯ ‘ಕುರ್ಸಿ’ಯಿಂದ, ಪಾರಸಿ ಮತ್ತು ಹಿಂದುಸ್ತಾನಿಗಳ ಮೂಲಕ. ಅರಬಿಗೆ ಅದು ಅರಾಮಿಕ್ ಭಾಷೆಯಿಂದ ಬಂತು. ಅದಕ್ಕೂ ಹಿಂದೆ ಹೋದರೆ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ‘ಕುಸ್ಸು’ ಸಿಗುತ್ತದೆ. ಕುಸ್ಸು ಎಂದರೆ ಪೀಠ, ಸಿಂಹಾಸನ. ಕುರ್‌ಆನಿನ ಎರಡನೇ ಅಧ್ಯಾಯದ 255ನೇ ಸೂಕ್ತ ‘ಆಯತುಲ್ ಕುರ್ಸೀ’ ಎಂದೇ ಪ್ರಸಿದ್ಧ. ಅಲ್ಲಿ ಕುರ್ಸಿ ಎಂಬುದನ್ನು ದೇವನ ಪ್ರಭುತ್ವದ ಸಂಕೇತವೆಂದು ಅರ್ಥೈಸುವುದುಂಟು. ಆದರೆ ಆರಂಭಕಾಲದ ವ್ಯಾಖ್ಯಾನಗಳಲ್ಲಿ ಅದಕ್ಕೆ ‘ಜ್ಞಾನ’ ಎಂಬ ಅರ್ಥವನ್ನೂ ಹೇಳಲಾಗಿದೆ ಎಂಬುದು ಗಮನಾರ್ಹ. ಅಧಿಕಾರ ಮತ್ತು ಅರಿವು ಎಂಬ ಎರಡು ಅರ್ಥಗಳು ಈ ಒಂದೇ ಪದದೊಳಗೆ ಬಹಳ ಹಿಂದಿನಿಂದಲೂ ಇವೆ.

ಲೋಕವ್ಯವಹಾರದಲ್ಲಿ ಮಾತ್ರ ಮೊದಲನೆಯದೇ ಗೆದ್ದಿತು. ಬ್ರಿಟಿಷರ ಕಾಲದಲ್ಲಿ ಉತ್ತರ ಭಾರತದ ಜಿಲ್ಲೆಗಳಲ್ಲಿ ‘ಕುರ್ಸಿ ನಶೀನ್’ ಎಂಬ ಒಂದು ವರ್ಗವೇ ಇತ್ತು. ಸಾಹೇಬರನ್ನು ಕಾಣಲು ಹೋದಾಗ ಕುರ್ಚಿಯಲ್ಲಿ ಕೂರುವ ಹಕ್ಕುಳ್ಳವರು ಎಂದು ಇದರ ಅರ್ಥ. ಇವರ ಪಟ್ಟಿ ಇಡಲಾಗುತ್ತಿತ್ತು, ಪ್ರಮಾಣಪತ್ರ ಕೊಡಲಾಗುತ್ತಿತ್ತು. ಉಳಿದವರು ನಿಂತೇ ಮಾತನಾಡಬೇಕಿತ್ತು.

ಪುಸ್ತಕವನ್ನು ಎತ್ತಿದವರು

ಹಾಗಾದರೆ ಕುರ್ಚಿ ಇಲ್ಲದ ವಿದ್ವಾಂಸರು ಎಲ್ಲಿ ಕೂತು ಓದಿದರು? ನೆಲದ ಮೇಲೆ. ಮಸೀದಿಯ ಕಂಬಕ್ಕೆ ಒರಗಿದ ಗುರು, ಸುತ್ತ ಅರ್ಧವೃತ್ತದಲ್ಲಿ ಚಾಪೆಯ ಮೇಲೆ ಕುಳಿತ ಶಿಷ್ಯರು, ಇದು ಕೈರೋದ ಅಲ್ ಅಝ್ಹರಿನಂಥ ವಿದ್ಯಾಕೇಂದ್ರಗಳಲ್ಲಿ ಶತಮಾನಗಳ ಕಾಲ ನಡೆದುಬಂದ ಪದ್ಧತಿ. ‘ಹಲ್ಕಾ’, ಅಂದರೆ ವೃತ್ತ, ಎಂದು ಅದರ ಹೆಸರು. ನಮ್ಮ ನಾಡಿನ ಮಠಗಳಲ್ಲಿ, ಕೂಲಿಮಠಗಳಲ್ಲಿ ಕಲಿಕೆ ನಡೆದದ್ದೂ ನೆಲದ ಮೇಲೆಯೇ. ಬೀದರಿನಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾದ ಅವಶೇಷ ಇಂದಿಗೂ ನಿಂತಿದೆ. ಮೂರಂತಸ್ತಿನ ಆ ಕಟ್ಟಡದಲ್ಲಿ ಗ್ರಂಥಾಲಯ, ಪಾಠದ ಹಜಾರ, ಮಸೀದಿ, ವಿದ್ಯಾರ್ಥಿಗಳ ಕೋಣೆಗಳು ಎಲ್ಲವೂ ಇದ್ದವು. ಕುರ್ಚಿ ಮೇಜುಗಳ ಸಾಲುಗಳನ್ನು ಅಲ್ಲಿ ಕಲ್ಪಿಸಿಕೊಳ್ಳುವುದು ಇಂದಿನ ಶಾಲೆಯನ್ನು ಅಂದಿನ ಮೇಲೆ ಹೇರಿದಂತೆ.

ನೆಲದಲ್ಲಿ ಕೂತು ಓದುವವನಿಗೆ ಒಂದು ತೊಡಕಿದೆ. ಪುಸ್ತಕ ನೆಲದಲ್ಲಿದ್ದರೆ ಕತ್ತು ಬಾಗುತ್ತದೆ, ಬೆನ್ನು ಗೂನಾಗುತ್ತದೆ. ಇದಕ್ಕೆ ಹಿಂದಿನವರು ಕಂಡುಕೊಂಡ ಉತ್ತರ ಬಹಳ ಸರಳ: ದೇಹವನ್ನು ಮೇಲೆತ್ತುವ ಬದಲು ಪುಸ್ತಕವನ್ನು ಮೇಲೆತ್ತಿದರು. ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ತೆರೆದುಕೊಳ್ಳುವ ಮರದ ಪೀಠ ಮುಸ್ಲಿಮರ ಮನೆಗಳಲ್ಲಿ ‘ರೆಹಲ್’, ಕನ್ನಡದ ಪುರಾಣ ವಾಚನದ ಜಗುಲಿಗಳಲ್ಲಿ ‘ವ್ಯಾಸಪೀಠ’. ಹೆಸರು ಎರಡು, ವಸ್ತು ಒಂದೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಹಸನ್ ಬಿನ್ ಸುಲೈಮಾನ್ ಅಲ್ ಇಸ್ಫಹಾನಿ ಎಂಬ ಕುಶಲಕರ್ಮಿ 1360ರಲ್ಲಿ ಮಾಡಿದ ಅಂಥದೊಂದು ಪೀಠವಿದೆ. ಅದರ ಕೆತ್ತನೆಯ ಚೆಲುವು ಒಂದು ಕಡೆಯಾದರೆ, ಓದುವವನ ಕಣ್ಣಿಗೂ ಕತ್ತಿಗೂ ಕೊಟ್ಟ ಮರ್ಯಾದೆ ಇನ್ನೊಂದು ಕಡೆ.

ಗೋಣಿತಟ್ಟಿನ ವಿದ್ಯಾರ್ಥಿ

ನೆಲದ ಕಲಿಕೆಯನ್ನು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಯಾಕೆಂದರೆ ಆ ನೆಲವೂ ಎಲ್ಲರಿಗೆ ಸಮನಾಗಿರಲಿಲ್ಲ. ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಬಾಲ್ಯದ ಶಾಲೆಯನ್ನು ನೆನಪಿಸಿಕೊಂಡು ಬರೆದಿದ್ದಾರೆ. ತರಗತಿಯ ಮೂಲೆಯಲ್ಲಿ ಅವರಿಗೆ ಪ್ರತ್ಯೇಕ ಜಾಗ. ಕೂರಲು ಒಂದು ಗೋಣಿತಟ್ಟು. ಶಾಲೆಯನ್ನು ಗುಡಿಸುವ ಆಳು ಸಹ ಅದನ್ನು ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಒಯ್ದು ಮರುದಿನ ಅದನ್ನು ಮತ್ತೆ ಅವರೇ ಹೊತ್ತು ತರಬೇಕಿತ್ತು.

ಅದೇ ವಿದ್ಯಾರ್ಥಿ ಮುಂದೆ ಲಂಡನ್ನಿನಲ್ಲಿ ಓದುವಾಗ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ದಿನವಿಡೀ ಕೂರುತ್ತಿದ್ದರು. 1857ರಲ್ಲಿ ತೆರೆದ ಅದರ ವೃತ್ತಾಕಾರದ ವಾಚನಾಲಯವನ್ನು ಓದುಗರ ದೇಹವನ್ನು ನೆನಪಿಟ್ಟುಕೊಂಡೇ ಕಟ್ಟಲಾಗಿತ್ತು. ಚರ್ಮ ಹೊದಿಸಿದ ಮೇಜು, ಪುಸ್ತಕ ಓರೆಯಾಗಿ ಇಡಲು ಮಡಚುವ ಹಲಗೆ, ಚಳಿಗೆ ಕಾಲಿಡಲು ಬಿಸಿನೀರು ಹರಿಯುವ ಕೊಳವೆ ಎಲ್ಲವೂ ಅಲ್ಲಿದ್ದವು. ಕಾರ್ಲ್ ಮಾರ್ಕ್ಸ್ ಕೂತು ಓದಿದ್ದೂ ಇಲ್ಲಿಯೇ. ಗೋಣಿತಟ್ಟಿನಿಂದ ಆ ಮೇಜಿನವರೆಗಿನ ದಾರಿಯನ್ನು ನೆನೆದರೆ, ಓದುವವನ ಆಸನ ಕೇವಲ ಸುಖದ ಮಾತಲ್ಲ, ಹಕ್ಕಿನ ಮಾತು ಎಂಬುದು ತಿಳಿಯುತ್ತದೆ.

ವೈದ್ಯರು ಕಂಡದ್ದು

ಕುಳಿತು ದುಡಿಯುವವರ ನೋವನ್ನು ರೋಗವೆಂದು ಗುರುತಿಸಿದವರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಝ್ಝೀನಿ ಪ್ರಮುಖರು. ಕಸುಬುದಾರರ ರೋಗಗಳ ಕುರಿತ ಅವರ ಗ್ರಂಥ 1700ರಲ್ಲಿ ಹೊರಬಂತು. 1713ರ ಆವೃತ್ತಿಯಲ್ಲಿ ಬರಹಗಾರರು, ಗುಮಾಸ್ತರ ಬಗ್ಗೆಯೂ ಬರೆದರು. ಅವರು ಕೊಟ್ಟ ಕಾರಣಗಳು ಮೂರು: ಸತತವಾಗಿ ಕೂರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಿರುವುದು ಮತ್ತು ಮನಸ್ಸಿನ ಬಿಗಿತ. ಇಂದಿನ ಯಾವುದೇ ಪರೀಕ್ಷಾರ್ಥಿಗೂ ಈ ಮೂರು ಒಪ್ಪುತ್ತವೆ.

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಲ್ಲಿ ಶಾಲಾ ಶಿಕ್ಷಣ ವ್ಯಾಪಕವಾದಾಗ ಸಾಲು ಸಾಲು ಬೆಂಚುಗಳು ಬಂದವು. ಎಲ್ಲ ಮಕ್ಕಳಿಗೂ ಒಂದೇ ಅಳತೆ. ಝೂರಿಕ್‌ನ ಡಾ. ಫಾರ್ನರ್ 1865ರಲ್ಲಿ ಮಗು ಮತ್ತು ಶಾಲೆಯ ಡೆಸ್ಕಿನ ಕುರಿತೇ ಒಂದು ಪುಸ್ತಕ ಬರೆದು, ಬೆಂಚಿಗೂ ಡೆಸ್ಕಿಗೂ ಅಂತರ ಹೆಚ್ಚಾದರೆ ಬರೆಯುವ ಮಗು ಹೇಗೆ ಕ್ರಮೇಣ ಮುಂದಕ್ಕೆ ಕುಸಿಯುತ್ತದೆ ಎಂಬುದನ್ನು ತೋರಿಸಿದರು. ಜರ್ಮನಿಯ ಮೂಳೆ ವೈದ್ಯ ಸ್ಟಾಫೆಲ್ 1884ರಲ್ಲಿ ಸೊಂಟದ ಹಿಂಭಾಗಕ್ಕೆ ಆಧಾರ ಬೇಕೇ ಬೇಕು ಎಂದರು. ಬೆನ್ನಿನ ಪೂರ್ತಿ ಎತ್ತರಕ್ಕೆ ಹಲಗೆ ಇದ್ದರೂ ಸೊಂಟದ ಬಳಿ ಟೊಳ್ಳಾಗಿದ್ದರೆ ಪ್ರಯೋಜನವಿಲ್ಲ ಎಂಬುದು ಇದರ ತಾತ್ಪರ್ಯ.

1960ರ ದಶಕದಿಂದ ಸ್ವೀಡನ್ನಿನ ಡಾ. ನಾಕೆಮ್ಸನ್ ಬೆನ್ನುಮೂಳೆಯ ಡಿಸ್ಕಿನೊಳಗಿನ ಒತ್ತಡವನ್ನೇ ಸೂಜಿ ಹಾಕಿ ಅಳೆದರು. ನಿಂತಾಗಿಗಿಂತ ಕುಳಿತಾಗ ಒತ್ತಡ ಹೆಚ್ಚು ಎಂದು ಅವರು ಕಂಡರು. 1999ರಲ್ಲಿ ಜರ್ಮನಿಯಲ್ಲಿ ನಡೆದ ಅಳತೆ ಅದನ್ನು ಸ್ವಲ್ಪ ತಿದ್ದಿತು: ಆರಾಮವಾಗಿ ಕೂತಾಗ ವ್ಯತ್ಯಾಸ ಅಷ್ಟೇನಿಲ್ಲ, ಮುಂದಕ್ಕೆ ಬಾಗಿದಾಗ ಒತ್ತಡ ಏರುತ್ತದೆ, ಹಿಂದಕ್ಕೆ ಒರಗಿದಾಗ ಇಳಿಯುತ್ತದೆ. ಶಿಸ್ತೆಂದರೆ ಕಂಬದಂತೆ ನೆಟ್ಟಗೆ ಕೂರುವುದು ಎಂಬ ಹಳೆಯ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ. 1994ರಲ್ಲಿ ಅಮೆರಿಕದಲ್ಲಿ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ರೂಪಿಸಿದ ‘ಏರಾನ್’ ಕುರ್ಚಿ ಜಗತ್ಪ್ರಸಿದ್ಧವಾಯಿತು. ಅದರ ಬಲೆಯಂಥ ಹೊದಿಕೆಯನ್ನು ಎಲ್ಲರೂ ನೋಡಿದರು. ಅದು ಚಪ್ಪಲಿಯಂತೆ ಮೂರು ಅಳತೆಗಳಲ್ಲಿ ಬಂತು ಎಂಬುದೇ ಅದಕ್ಕಿಂತ ದೊಡ್ಡ ಸಂಗತಿ.

ನಮ್ಮ ಮನೆಗಳಲ್ಲಿ

ಇಷ್ಟೆಲ್ಲ ಇತಿಹಾಸದಿಂದ ನಮಗೆ ದಕ್ಕುವ ತಿಳಿವಳಿಕೆ ದುಬಾರಿಯದಲ್ಲ. ಕುರ್ಚಿ ಕೊಳ್ಳಲು ಹೋಗುವಾಗ ಕೂರಬೇಕಾದವರನ್ನೇ ಕರೆದೊಯ್ಯೋಣ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಉಳಿಯಬೇಕು. ಸೊಂಟಕ್ಕೆ ಆಧಾರವಿರಬೇಕು. ಮೇಜು ಮೊಣಕೈಯ ಮಟ್ಟಕ್ಕೆ ಬರಬೇಕು. ಎತ್ತರ ಹೊಂದಿಸಬಹುದಾದ ಕುರ್ಚಿಯಾದರೆ ಬೆಳೆಯುವ ಮಗುವಿಗೂ, ಅದರ ಅಣ್ಣನಿಗೂ, ಅಮ್ಮನಿಗೂ ಆಗುತ್ತದೆ. ಮೆತ್ತೆ ಅತಿಯಾಗಿ ಕುಸಿಯುವಂತಿದ್ದರೆ ಅಂಗಡಿಯಲ್ಲಿ ಹಿತವೆನಿಸಿದರೂ ಎರಡು ತಾಸಿನ ಬಳಿಕ ಬಾಧಿಸುತ್ತದೆ.

ಹೊಸ ಕುರ್ಚಿಗೆ ಹಣವಿಲ್ಲದ ಮನೆಯಲ್ಲೂ ದಾರಿಯಿದೆ. ಪ್ಲಾಸ್ಟಿಕ್ ಕುರ್ಚಿಯಾದರೆ ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್ ಇಡಬಹುದು. ಕಾಲು ತೂಗಾಡುತ್ತಿದ್ದರೆ ಕೆಳಗೊಂದು ಮಣೆ ಹಾಕಬಹುದು. ನೆಲದಲ್ಲೇ ಕೂತು ಓದುವವರು ಗೋಡೆಗೊರಗಿ ಪುಸ್ತಕವನ್ನು ರೆಹಲಿನ ಮೇಲೆ, ಅದಿಲ್ಲದಿದ್ದರೆ ಓರೆಯಾಗಿ ಇಟ್ಟ ಹಲಗೆಯ ಮೇಲೆ ಇಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧ ತಾಸಿಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರುವ ಮಗುವನ್ನು ಸೋಮಾರಿ ಎನ್ನದಿರೋಣ. ಕೂತು ದುಡಿಯುವವರು ರಜಾದಿನಗಳಲ್ಲಾದರೂ ದೇಹಕ್ಕೆ ವ್ಯಾಯಾಮ ಕೊಡಲಿ ಎಂದು ರಾಮಝ್ಝೀನಿ ಅಂದೇ ಸಲಹೆ ಮಾಡಿದ್ದರು.

ಇನ್ನು ಮನೆಯಲ್ಲಿ ಮೂಲೆಯೊಂದೂ ಸಿಗದ ಮಕ್ಕಳಿದ್ದಾರೆ. ಒಂದೇ ಕೋಣೆಯ ಮನೆಯಲ್ಲಿ ಅಡುಗೆ, ಟಿ.ವಿ., ನೆಂಟರ ನಡುವೆ ಓದುವ ಹೆಣ್ಣುಮಕ್ಕಳ ಪಾಲಿಗೆ ಊರಿನ ಗ್ರಂಥಾಲಯವೇ ಓದುವ ಕೋಣೆ. ಪಂಚಾಯತ್ ಗ್ರಂಥಾಲಯಕ್ಕೆ, ಹಾಸ್ಟೆಲಿಗೆ, ಶಾಲೆಗೆ ದಾನ ಕೊಡುವಾಗ ಫ್ಯಾನು, ಗಡಿಯಾರಗಳ ಜೊತೆಗೆ ಅಲ್ಲಿನ ಕುರ್ಚಿ ಮೇಜುಗಳ ಎತ್ತರವನ್ನೂ ಒಮ್ಮೆ ಕೂತು ನೋಡೋಣ. ಅಲ್ಲಿ ಕೂರುವ ಮಗುವಿನ ಕಾಲು ನೆಲಕ್ಕೆ ತಾಗುತ್ತದೆಯೇ ಎಂಬುದು ನಾವು ಕೇಳಬೇಕಾದ ಮೊದಲ ಪ್ರಶ್ನೆ.